ಒಳ್ಳೆಯ ಮುಖ

ಕಟಪಾಡಿಯ ಅಂಗಡಿಯಲ್ಲಿ ಹುಡುಗ
ಅಂಗೈಯಗಲದ ತುಂಡುಗಳನ್ನು ಇಸ್ಪೀಟಿನಂತೆ ಹರಡಿದ:
ತೇಗ, ಬೀಟೆ, ಬೂದಿ, ಕಾಫಿ.
ಯಾವುದೂ ಮರವಲ್ಲ. ಮರದ ಹುಡಿ, ಹಳೇ ಪ್ಲಾಸ್ಟಿಕ್ಕು
ಬಿಸಿಯಲ್ಲಿ ಕಲಸಿ ಒತ್ತಿದ್ದು.
ಗೆದ್ದಲು ಮುಟ್ಟುವುದಿಲ್ಲ, ಉದ್ಯಾವರದ ಉಪ್ಪುಗಾಳಿಗೂ ಜಗ್ಗುವುದಿಲ್ಲ,
ಹದಿನೈದು ವರ್ಷ ಗ್ಯಾರಂಟಿ ಅಂದ.
ನನಗೀಗ ಅರವತ್ತೆಂಟು. ಲೆಕ್ಕ ಹಾಕಿ ನಕ್ಕೆ.

ಮೂಸಿದೆ. ವಾಸನೆಯೇ ಇಲ್ಲ.
ಸಾಮಿಲ್ಲಿನಲ್ಲಿ ಮೂವತ್ತು ವರ್ಷ ಲೆಕ್ಕ ಬರೆದವನು ನಾನು,
ಹುಡಿ ಮೂಸಿಯೇ ಜಾತಿ ಹೇಳುತ್ತಿದ್ದೆ.

ಅರ್ಧ ಖರ್ಚು ಪಕ್ಕದ ಮನೆ ಸೆವ್ರಿನ್ ಬಾಯಿಯದ್ದು.
ತುಂಡನ್ನು ಮಗುಚಿ ಕೇಳಿದರು:
"ಗೆರೆ ಒಂದೇ ಮಗ್ಗುಲಿಗೆ ಉಂಟಲ್ಲ, ಹಿಂದೆ ಬೋಳು.
ಒಳ್ಳೆಯ ಮುಖ ಯಾರ ಕಡೆಗೆ?"

ಚರಂಡಿ ತೋಡುವಾಗ ಬುಡ ಸಹಿತ ಹೋಗುವವರೆಗೆ
ನಮ್ಮ ನಡುವೆ ಇದ್ದದ್ದು ದಾಸವಾಳ.
ಅದಕ್ಕೆ ಬೆನ್ನು ಎಂಬುದೇ ಇರಲಿಲ್ಲ.

ಹುಡುಗ ಫೋನು ನೋಡುತ್ತ ನಿಂತ.
ನಾನು ಉಗುರಿನಿಂದ ಬೂದಿಬಣ್ಣ ಕೆರೆದೆ, ಏಳಲಿಲ್ಲ.

ಕೊನೆಗೆ ಹೀಗಾಯಿತು:
ಒಂದು ಹಲಗೆ ಅವರತ್ತ, ಒಂದು ನಮ್ಮತ್ತ.
ಕೂರಿಸಲು ಬಂದ ಹಮ್ಮಬ್ಬ ತಲೆ ಕೆರೆದುಕೊಂಡ,
"ಹಲ್ಲು ಬಿದ್ದ ಬಾಯಿ ಹಾಗೆ ಕಾಣ್ತದೆ ಮಾರಾಯ್ರೆ."
ಬಿಸಿಲಿಗೆ ಹಿಗ್ಗುತ್ತದಂತೆ, ನಡುನಡುವೆ
ಬೆರಳಗಲ ಸಂದು ಬಿಟ್ಟ.

ಈಗ ಸಂಜೆ ಆ ಸಂದುಗಳಲ್ಲಿ
ಸೆವ್ರಿನ್ ಬಾಯಿ ಪಟ್ಟೆಪಟ್ಟೆಯಾಗಿ ಹಾದುಹೋಗುತ್ತಾರೆ,
ಕೋಳಿಗೆ ಬೈಯುತ್ತ.
ತೊಂಡೆಯ ಕುಡಿ ಹಿಡಿತ ಸಿಗದೆ ಜಾರುತ್ತದೆ.
ಈಚೆಯಿಂದ ಒಂದು ತುಂಡು ತೆಂಗಿನ ಹಗ್ಗ ತೂರಿಸುತ್ತೇನೆ.
ಸ್ವಲ್ಪ ಹೊತ್ತು ಸುಮ್ಮನೆ ನೇತಾಡುತ್ತದೆ.
ಆಮೇಲೆ ಆಚೆಯಿಂದ ಎಳೆತ.