ಆರು ಚುಕ್ಕಿ

ಕ್ವಾಟಿ ಮಣ್ಣು ತರಾಕ ಹ್ವಾದಾಗ ಸಿಕ್ಕಿತ್ತು ಇದು,
ಬಿಸಲು ಮಳಿ ಕಾಣದ ಗ್ವಾಡಿ ಬುಡದಾಗ.
ಕರ್ರಗ, ಹೆಬ್ಬೆರಳಿನಷ್ಟು,
ಬೆನ್ನ ಮ್ಯಾಲ ಆರು ಬಿಳಿ ಚುಕ್ಕಿ.
ಮೌಲಾಲಿ ಉಸ್ತಾದ್ ನೋಡಿ ನಕ್ರು:
"ನಮ್ಮ ದುಕಾನದಿಂದ ಓಡಿ ಬಂದದ."

ಮುಟ್ಟಿದೆ. ಕಣ್ಣಿಗೆ ಹುಳಿ ಹಾರಿಸ್ತು.
ಎರಡು ದಿನ ಕೆತ್ತೋ ಕೆಲಸ ಬಂದ್.
ಹಾರಾಕ ಬರಲ್ಲ ಅದಕ್ಕ. ಬೆನ್ನ ಚಿಪ್ಪು ಕೂಡಿಬಿಟ್ಟದ,
ಸುರಾಯಿಗೆ ಮುಚ್ಚಳ ತಪ್ಪಿ ಬೆಸುಗಿ ಆದಂಗ.

ಇನ್ನೊಂದು ಬಂದಿದ್ದು ರಾತ್ರಿ, ಎಳ್ಳಿನ ಹೊಲದ ಕಡೆಯಿಂದ.
ಅಷ್ಟೂರಿನ ಗುಮ್ಮಟದಾಗ ಜೇನು ಕದ್ದು ಕುಡಿದಿತ್ತೋ ಏನೋ,
ಬಲ್ಬಿಗೆ ಬಡಕೊಂಡು ನನ್ನ ಉಳಿ ಪಕ್ಕ ಬಿತ್ತು.
ಬೆನ್ನ ಮ್ಯಾಲ ತಲಿಬುರುಡಿ.
ಹಿಡಿದರ ಇಲಿಯಂಗ ಕೀಂವ್ ಅಂತು!
ಪತಂಗ ಒದರತದ ಅಂತ
ನನಗ ಯಾರೂ ಹೇಳಿದ್ದಿಲ್ಲ.
ಕೈ ಬಿಟ್ಟೆ. ಬೆರಳಿಗೆಲ್ಲ ಹಳದಿ ಹಿಟ್ಟು,
ಅದರ ಬುರುಡಿ ಅರ್ಧ ಅಳಿಸಿತ್ತು.

ಹೈದರಾಬಾದಿನ ಗಿರಾಕಿ ಕೇಳ್ಯಾನ,
ಹೂದಾನಿ ಮ್ಯಾಲ ಏನರ ಹೊಸದು ಹಾಕ್ರಿ ಅಂತ.
ಉಸ್ತಾದ್ ಚಿಟಿಕಿ ಮಣ್ಣು ನಾಲಿಗಿಗಿಟ್ಟು,
ಕಣ್ಣು ಮುಚ್ಚಿ, ಉಗುಳಿ, ಅಂದ್ರು:
"ಆ ಕರೀ ಹುಳ ಹಾಕವ್ವ. ಅದು ಆಗಲೇ ತಯಾರದ."
ಖರೇನ. ಆರು ಚುಕ್ಕಿ, ಅರ್ಧ ತಾಸಿನ ಕೆಲಸ.

ಆದರ ಮೂರು ರಾತ್ರಿ ಆಯ್ತು,
ನಾ ಪತಂಗಾನೇ ಬರೀಲಿಕ್ಕತ್ತೀನಿ.
ಗೆರಿ ಕೊರದು, ತಂತಿ ಕೂಡಿಸಿ, ಬಡದು.
ಬುರುಡಿ ಬರ್ತದ, ರೆಕ್ಕಿ ಬರ್ತದ,
ಕೀಂವ್ ಅನ್ನೋ ಬಾಯಿ ಸೈತ ಬರ್ತದ.
ನನ್ನ ಬೆರಳಿಗೆ ಹತ್ತಿದ ಆ ಹಿಟ್ಟು ಮಾತ್ರ
ಬೆಳ್ಳಿಗೆ ಹತ್ತವಲ್ದು.