ನಾಲ್ಕು ಸೆಕೆಂಡು

ಮೊದಲ ಆಟದಲ್ಲಿ ಅವನಿಗೆ ಕಾಲೇ ಇರಲಿಲ್ಲ.
ದೋಣಿಯಂಚು ಸೊಂಟದವರೆಗೆ ಮರೆ.
ಕಾಣದ್ದಕ್ಕೆ ಯಾಕೆ ಖರ್ಚು ಅಂದಿದ್ದ ಚಿತ್ರದ ರಾಮಿಲ್.
ಮಾತೂ ಒಂದೇ: "ಇಳಿ, ನಾನಿದ್ದೇನೆ."
ಕಡತದಲ್ಲಿ ಅವನ ಹೆಸರು ಹಗ್ಗದವನು ೨.
(೧ ಎಂಬವನನ್ನು ಮೊದಲೇ ಅಳಿಸಿದ್ದೆವು.)

ನಾಯಕ, ಮುತ್ತಿಗೆ ಮುಳುಗುವವನು.
ಮೂಗಿಗೆ ಚಿಮಟ, ಕಾಲಿಗೆ ಕಲ್ಲು.
ತಳದಲ್ಲಿ ಅವನಿಗೆಂದು ಏನೆಲ್ಲ ಬರೆದೆ,
ಒಡೆದ ಹಡಗು, ಕಣ್ಣಿಲ್ಲದ ಹಾವುಮೀನು,
ಹವಳದ ಬಾಗಿಲು, ಬಾಗಿಲ ಹಿಂದೆ ಬಾಗಿಲು.
ಉಸಿರು ಮುಗಿದರೆ ಹಗ್ಗ ಜಗ್ಗಬೇಕು,
ಮೇಲಿನವನು ಎಳೆಯಬೇಕು.

ಎಳೆಯುತ್ತಿದ್ದ,
ನಾಲ್ಕು ಸೆಕೆಂಡು ತಡವಾಗಿ.

ತಪ್ಪು ನಮ್ಮದು. ತಳದ ಕತ್ತಲು ಮಡಚಿ
ಮೇಲಿನ ಬಿಸಿಲು ಬಿಚ್ಚಲು ಯಂತ್ರಕ್ಕೆ ಅಷ್ಟು ಹೊತ್ತು ಬೇಕಿತ್ತು.
ಆಡಿದವರು ಬೈದದ್ದು ಮಾತ್ರ ಅವನಿಗೆ:
ಸೋಮಾರಿ, ನಿದ್ದೆಬುರುಕ, ದ್ರೋಹಿ.
ಸೊಹಾರಿನ ಹುಡುಗನೊಬ್ಬ ಮಾತ್ರ ಕೇಳಿದ್ದ:
"ಅಷ್ಟು ಹೊತ್ತು ಅವನು ಏನು ಮಾಡುತ್ತಿರುತ್ತಾನೆ?"

ಎರಡನೆಯ ಆಟ ಆ ಪ್ರಶ್ನೆಯ ಮೇಲೆ ನಿಂತಿದೆ.
ಗಸ್ಸಾನ್ ಹೇಳಿದ, ಹಣ ಹಾಕುವವನು, ಹೇಳಬಹುದು:
ಅವನಿಗೊಂದು ಸೇಡು ಕೊಡು, ಸತ್ತ ತಮ್ಮನನ್ನು ಕೊಡು,
ಕೊನೆಯಲ್ಲಿ ಅವನೂ ಧುಮುಕಲಿ.
ತಮ್ಮನನ್ನು ಮೂರು ಸಲ ಕೊಂದೆ,
ಒಮ್ಮೆ ಜ್ವರ, ಒಮ್ಮೆ ಸಾಲ, ಒಮ್ಮೆ ಶಾರ್ಕು.
ಮೂರೂ ಸಲ ನಮ್ಮವನು ನಿಂತದ್ದು
ಎರವಲು ಅಂಗಿ ತೊಟ್ಟ ಮದುಮಗನ ಹಾಗೆ,
ತೋಳೆಲ್ಲ ಬಿಗಿ.

ಮೇ ತಿಂಗಳು. ಮನಾಮಾದಲ್ಲಿ ಧೂಳುಗಾಳಿ ನಿಂತ ಮರುದಿನ
ನಮ್ಮ ಹದಿನಾರನೆಯ ಮಹಡಿಯ ಗಾಜಿನಾಚೆ
ಮೇಲಿನಿಂದ ಎರಡು ಬೂಟು ಇಳಿದವು,
ಆಮೇಲೆ ಬಕೆಟ್ಟು, ಆಮೇಲೆ ಮನುಷ್ಯ.
ನನ್ನ ಮೇಜಿನ ಮೇಲಿನ ಸಮುದ್ರವನ್ನು ಒರೆಸಿ ಹೋದ.
ಹಗ್ಗ ಅಲ್ಲೇ ಉಳಿಯಿತು, ಸಣ್ಣಗೆ ನಡುಗುತ್ತ.

ಊಟದ ಹೊತ್ತಿಗೆ ತಾರಸಿಗೆ ಹತ್ತಿದೆ.
ಸುಲೇಮಾನ್ ಮುಜಾವರ್, ಚಿಟಗುಪ್ಪದವನು,
ನನ್ನ ಕನ್ನಡ ಕೇಳಿ ನಕ್ಕ, ತಲೆ ಮಾತ್ರ ತಿರುಗಿಸಲಿಲ್ಲ.
ಬಲಗೈ ಒಂದು ಹಗ್ಗದ ಮೇಲೆ, ಎಡಗೈ ಇನ್ನೊಂದರ ಮೇಲೆ,
ಹಸುವಿನ ಮೈ ಮುಟ್ಟಿ ನೋಡುವ ಹಾಗೆ.
"ಜೋಡೀದವ್ಗ ಜ್ವರ ಬಂದಾವ್ರಿ. ಇವತ್ತ ಎರಡೂ ನಂದೇ."

ಇಬ್ಬರೂ ಒಟ್ಟಿಗೇ ಜಗ್ಗಿದರೆ?

ಅವನು ಯೋಚಿಸಲಿಲ್ಲ.
"ಜಗ್ಗಾಂವ ಜಗ್ತಾನ್ರಿ, ಜೀವ ಐತಿ ಅವಗ.
ಯಾವ್ದು ಸುಮ್ಮನಾತು, ಅದರ ಕಡಿ ಓಡಬೇಕು."

ಲಿಫ್ಟಿಗೂ ಕಾಯದೆ ಮೆಟ್ಟಿಲಿಳಿದೆ.

ಈಗ ಅವನಿಗೆ ಕಾಲು ಬಂದಿದೆ,
ರಾಮಿಲ್ ಬೆರಳುಗಳನ್ನೂ ಬಿಡದೆ ಬರೆದ,
ಹಲಗೆಯ ಬಿರುಕಿಗೆ ಒತ್ತಿ ನಿಂತ ಹೆಬ್ಬೆರಳು.
ಅಂಗೈಯಲ್ಲಿ ಹಗ್ಗದ ಹಳೆಯ ಗೆರೆ.
ಹೆಸರು ಇನ್ನೂ ಇಟ್ಟಿಲ್ಲ. ಗಸ್ಸಾನ್ ಸಿಟ್ಟಾಗಿದ್ದಾನೆ:
ನಿಂತೇ ಇರುವವನನ್ನು ಯಾರು ಆಡುತ್ತಾರೆ?

ಬಾ, ಕೂತು ನೋಡು.
ನಿನ್ನ ಬಲಗೈಯ ಹಗ್ಗ ಹುಚ್ಚೆದ್ದು ಜಗ್ಗುತ್ತಿದೆ,
ಅದು ನೀನೇ, ಮೊದಲ ಆಟದವನು,
ಬಾಯ್ತುಂಬ ಬೈಗುಳ, ಮುಷ್ಟಿಯಲ್ಲಿ ಮುತ್ತು.
ಎಡಗೈಯದು ಒಂದು ಸಲ ಅಲುಗಿತು.

ಈಗ ಅಲುಗುತ್ತಿಲ್ಲ.