ಹೆಸರು ಉಳಿಸಿದ್ದು

ಮೆಕ್ಕೆಜೋಳದ ಲೋಡು ಇಳಿಸಿ
ಮಚಲೀಪಟ್ಣದಿಂದ ವಾಪಸು ಬಂದ ಫಕ್ರುದ್ದೀನ
ಗಲ್ಲಾದ ಮೇಲೆ ಒಂದು ಕವರು ಹರವಿದ.
ಉಪ್ಪಿಗೆ ಬಿರುಸಾಗಿ, ಬಿಸಿಲಿಗೆ ಬಿಳಿಚಿ,
ಮೂಲೆಯಲ್ಲಿ ಎಂಥದೋ ಚಿಪ್ಪಿನ ಹುಳು ಗೂಡು ಕಟ್ಟಿ,
ಆದರೂ ಕೆಂಪಕ್ಷರ ಓದಲಿಕ್ಕೆ ಬರುತ್ತಿತ್ತು:
‘ಉಚ್ಚಂಗವ್ವ ಮಂಡಕ್ಕಿ ಅಂಗಡಿ, ದಾವಣಗೆರೆ.’

ಸಮುದ್ರದ ದಂಡೆಯಲ್ಲಿ ಸಿಕ್ಕಿತು, ಅಂದ.
ತೆಲುಗಿನ ಕಸದ ನಡುವೆ ಇದೊಂದು ಕನ್ನಡ,
ನೋಡಿ ಖುಷಿಯಾಯ್ತಣ್ಣ, ಅಂದ.
ಆಮೇಲೆ ಚಹಾ ಹೀರುತ್ತ,
‘ಹೋದ ವರ್ಷ ನಾನೇ ತಿಂದು ಎಸೆದದ್ದೂ ಇದ್ದೀತು.’

ಉಚ್ಚಂಗವ್ವ ನನ್ನ ಅಜ್ಜಿ.
ಹರಿಹರದ ಸೇತುವೆಯಾಚೆ ಕಾಲಿಟ್ಟವಳಲ್ಲ.
ಸಮುದ್ರ ಅಂದರೆ ಅವಳಿಗೆ
ಪುರಾಣದಲ್ಲಿ ದೇವರುಗಳು ಕಡೆಯುವ ವಸ್ತು.
ಭಟ್ಟಿಯ ಮುಂದೆ ಕೂತು, ಕಾದ ಮರಳಿನಲ್ಲಿ
ಅಕ್ಕಿ ಅರಳುವ ಸದ್ದಿಗೆ ಕಿವಿಗೊಟ್ಟು
ಐವತ್ತು ವರ್ಷ ಸೇರಿನಲ್ಲಿ ಅಳೆದಳು.
ಹೆಂಗಸರು ಸೆರಗು ಒಡ್ಡುತ್ತಿದ್ದರು, ಗಂಡಸರು ಟವೆಲ್ಲು,
ಹುಡುಗರು ಹೊಟ್ಟೆ ಕಾಣುವ ಹಾಗೆ ಅಂಗಿಯ ತುದಿ.
ಎಲ್ಲರಿಗೂ ಮೇಲೊಂದು ಹಿಡಿ ಕೊಸರು.
ಕಣ್ಣು ಮುಚ್ಚುವ ಮುಂಚೆ ನನ್ನ ಕೈ ಹಿಡಿದು
‘ಹೆಸರು ಉಳಿಸಪ್ಪಾ’ ಅಂದಳು.

ಉಳಿಸಿದೆ.
ಸಾವಿರಕ್ಕಿಷ್ಟು ಎಂದು ರೇಟು ಮಾತಾಡಿ
ಪ್ಲಾಸ್ಟಿಕ್ಕಿನ ಮೇಲೆ ಅಚ್ಚು ಹಾಕಿಸಿದೆ.
ದಿನಕ್ಕೆ ಮುನ್ನೂರು ಸಲ ಅವಳನ್ನು ತುಂಬಿ, ಗಂಟು ಹಾಕಿ, ಕೊಟ್ಟೆ.
ಬಸ್ಸಿನ ಕಿಟಕಿಯಿಂದ ಹೊಳೆಗೆ ಹಾರಿದಳೋ,
ಗಟಾರದಲ್ಲಿ ತೆವಳಿ ಹಳ್ಳ ಸೇರಿದಳೋ,
ಹೊಸಪೇಟೆ ಡ್ಯಾಮಿನ ಗೇಟು ಹೇಗೆ ನುಸುಳಿದಳೋ,
ಕೃಷ್ಣೆಯ ಕೈ ಹಿಡಿದು ಎಷ್ಟು ಊರು ದಾಟಿದಳೋ,
ಇಲ್ಲಾ ಫಕ್ರುದ್ದೀನನ ಲಾರಿಯಲ್ಲೇ ಕೂತು ಹೋದಳೋ.
ಮಣ್ಣಿಗಿಟ್ಟ ಅಜ್ಜಿ ಎಂದೋ ಮಣ್ಣಾದಳು.
ಹೆಸರು ಮಾತ್ರ
ಯಾವ ಮೀನಿನ ಹೊಟ್ಟೆಯಲ್ಲೂ ಕರಗದೆ ತಿರುಗುತ್ತಿದೆ.

ಮರುದಿನದಿಂದ ಕವರು ಬಂದ್.
ಪೇಪರಿನಲ್ಲಿ ಕಟ್ಟಿದರೆ ಮೆತ್ತಗಾಗುತ್ತದೆ ಎಂದು
ಗಿರಾಕಿಗಳು ಪಕ್ಕದಂಗಡಿಗೆ ನಡೆದರು.
ಸುಳ್ಳಲ್ಲ, ಮೆತ್ತಗಾಗುತ್ತದೆ.
ಕರಿಬಸಮ್ಮ ಲೆಕ್ಕದ ಪುಸ್ತಕ ಮುಚ್ಚಿ ಕೇಳಿದಳು:
‘ನೀವೊಬ್ಬರು ನಿಲ್ಲಿಸಿದರೆ ಸಮುದ್ರ ಚೊಕ್ಕಟಾಗುತ್ತಾ?’
ಇಲ್ಲ, ಅಂದೆ.
ಆದರೆ ಅತ್ತೆಯ ಅತ್ತೆಯ ಹಿತ್ತಾಳೆ ಸೇರನ್ನು
ಅಟ್ಟದಿಂದ ಇಳಿಸಿ, ಹುಣಸೆಹಣ್ಣಿನಲ್ಲಿ ತಿಕ್ಕಿದವಳೂ ಅವಳೇ,
ಹಲಗೆ ಬರೆಸಿದವಳೂ ಅವಳೇ:
‘ಚೀಲ, ಡಬ್ಬಿ ತಂದವರಿಗೆ ಒಂದು ಹಿಡಿ ಕೊಸರು.’

ಕೊಸರು ಅಂದರೆ ಈ ಊರು ಎಲ್ಲಿದ್ದರೂ ಬರುತ್ತದೆ.
ಹಾಲಿನ ಕ್ಯಾನು ಬಂತು, ಹಳೇ ದಿಂಬಿನ ಚೀಲ ಬಂತು,
ಕಾಲೇಜಿನ ಹುಡುಗನೊಬ್ಬ ಹೆಲ್ಮೆಟ್ಟು ಒಡ್ಡಿದ.
ಮೊನ್ನೆ ಒಂದು ಪುಟ್ಟ ಹುಡುಗಿ
ಫ್ರಾಕಿನ ಅಂಚು ಹಿಡಿದೆತ್ತಿ ಸುಮ್ಮನೆ ನಿಂತಿತ್ತು;
ಎರಡು ಹಿಡಿ ಹಾಕಿದೆ.

ಉಳಿದ ನಾಲ್ಕು ಸಾವಿರ ಕವರು
ಸೇರು ಇದ್ದ ಜಾಗದಲ್ಲಿ ಮೂಟೆಯಾಗಿ ಕೂತಿವೆ.
ಭಟ್ಟಿಗೆ ಹಾಕಿದರೆ ಓಣಿಯೆಲ್ಲ ಹೊಗೆ,
ಬೀದಿಗಿಟ್ಟರೆ ಮತ್ತೆ ಅದೇ ದಾರಿ.
ರಾತ್ರಿ ಗಾಳಿಗೆ ಅಟ್ಟದಲ್ಲಿ ಸರಪರ ಸದ್ದು.
ಮಲಗು ಅಜ್ಜಿ, ಅನ್ನುತ್ತೇನೆ.
ಎಲ್ಲೂ ಹೋಗಬೇಡ.